ಕಾಮಿಕ್ಸಿಗೂ ಮಾರ್ಕ್ಸು!

ಹಳೇ ಕಾಮಿಕ್ಸ್ ಪುಸ್ತಕಗಳಿಗೂ ಮೇಷ್ಟ್ರ ಥರ ಮಾರ್ಕ್ಸ್ ಕೊಡುವವರಿದ್ದಾರೆ, ಗೊತ್ತಾ? ಅಮೆರಿಕದಲ್ಲಿ ಅದೊಂದು ವೃತ್ತಿ.

1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ತಮ್ಮ ಬೆಲೆಪಟ್ಟಿಯ ಪುಸ್ತಕವನ್ನು ಮೊದಲ ಸಲ ತಂದಾಗ 'ಗುಡ್', 'ಫೈನ್', 'ಮಿಂಟ್' ಅನ್ನುವ ಮಾತುಗಳೇ ಅಳತೆಗೋಲು. ಮಾರುವವನಿಗೆ 'ಮಿಂಟ್' ಅನ್ನಿಸಿದ್ದು ಕೊಳ್ಳುವವನಿಗೆ ಬರೀ 'ಫೈನ್'! 1992ರಲ್ಲಿ ಅವರೇ ನೂರು ಅಂಕಗಳ ಪದ್ಧತಿ ತಂದರು. 2000ದಲ್ಲಿ ಶುರುವಾದ ಸಿಜಿಸಿ ಕಂಪನಿ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ, ಪುಸ್ತಕವನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಸೀಲ್ ಮಾಡತೊಡಗಿತು.

ನನಗೆ ಕುತೂಹಲ ಹುಟ್ಟಿಸಿದ್ದು ಮಾತ್ರ ರಿಪೇರಿಯ ಕಥೆ. 1980ರ ದಶಕದಲ್ಲಿ ಹರಿದ ಹಾಳೆಗೆ ತೇಪೆ ಹಾಕಿಸಿ, ಮಾಸಿದಲ್ಲಿ ಬಣ್ಣ ತುಂಬಿಸುವುದು ಪುಸ್ತಕಕ್ಕೆ ಮಾಡುವ ಉಪಕಾರ ಅಂತ ಎಷ್ಟೋ ಸಂಗ್ರಾಹಕರು ನಂಬಿದ್ದರು. ದುಡ್ಡು ಕೊಟ್ಟು ಮಾಡಿಸುತ್ತಿದ್ದರು. ಸಿಜಿಸಿ ಅಂಥವಕ್ಕೆ ನೇರಳೆ ಬಣ್ಣದ ಚೀಟಿ ಹಾಕಿತು. ಅಷ್ಟೇ... ಆ ಚೀಟಿ ಕಂಡರೆ ಕೊಳ್ಳುವವರು ಹಿಂದೆ ಸರಿದರು. ಅಕ್ಕರೆಯಿಂದ ಮಾಡಿಸಿದ್ದೇ ಕಳಂಕವಾಯ್ತು!

ಇನ್ನು ಅಂಕದ ಆಸೆ ಕೇಳಬೇಡಿ. 2014ರಲ್ಲಿ 9.0 ಪಡೆದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ 32 ಲಕ್ಷ ಡಾಲರಿಗೆ ಹೋಯ್ತು. ಹಾಗಾಗಿ ಕೆಲವರು ಪೆಟ್ಟಿಗೆ ಒಡೆದು ಅದೇ ಪುಸ್ತಕವನ್ನು ಮತ್ತೆ ಕಳಿಸುತ್ತಾರೆ, ನಮ್ಮ ಪಿಯುಸಿ ಹುಡುಗರ ಮರುಮೌಲ್ಯಮಾಪನದಂತೆ. ಉತ್ತರಪತ್ರಿಕೆ ಅದೇ, ಮೇಷ್ಟ್ರು ಬೇರೆ!

ನಿಮ್ಮ ಅಟ್ಟದ ಮೇಲಿನ ಹಳೇ ಪುಸ್ತಕಕ್ಕೆ ನೀವೆಷ್ಟು ಕೊಡುತ್ತೀರಿ?