ಟಾಡಾ ಹಾಕಿದ್ದು ಯಾರಿಗೆ, ತೆಗೆಯಲು ಹೊರಟಿದ್ದು ಯಾರಿಗಾಗಿ?

ಸ್ಟುಡಿಯೋದಲ್ಲಿ ಕೂತ ನಾವು ದಿನಕ್ಕೆ ಹತ್ತು ಸಲ ‘ಭಯೋತ್ಪಾದಕ’ ಅನ್ನೋ ಪದ ಬಳಸುತ್ತೇವೆ. ಜಯನಗರದ ಪಾರ್ಕಿನಲ್ಲಿ ಸಿಗುವ ಹಿರಿಯರು ನನ್ನನ್ನು ಕೇಳೋದೂ ಅದನ್ನೇ. ‘ಅಲ್ಲಾ ಸಾರ್, ಇವರಿಗೆಲ್ಲ ನೇರವಾಗಿ ಗಲ್ಲು ಯಾಕೆ ಹಾಕಲ್ಲ?’ ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಒಬ್ಬ ಭಯೋತ್ಪಾದಕ ಹೌದೋ ಅಲ್ಲವೋ ಅಂತ ತೀರ್ಮಾನಿಸೋದು ಯಾರು? ಕರ್ನಾಟಕ ಈ ಪ್ರಶ್ನೆಯನ್ನು ಎದುರಿಸಿದ್ದು 2000ನೇ ಇಸವಿಯ ಆ 108 ದಿನಗಳಲ್ಲಿ.

ಮೊದಲು ಕಾನೂನು ನೋಡೋಣ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಭಯೋತ್ಪಾದನೆ ಅನ್ನೋ ಅಪರಾಧವೇ ಇರಲಿಲ್ಲ. ಕೊಲೆ ಅಂದರೆ ಕೊಲೆ, ಅಷ್ಟೇ. ಪಂಜಾಬ್ ಹೊತ್ತಿ ಉರಿಯುತ್ತಿದ್ದಾಗ, 1985ರಲ್ಲಿ ಟಾಡಾ ಬಂತು. 1987ರಲ್ಲಿ ಅದನ್ನು ಹೊಸದಾಗಿ ತಂದರು. ಬರೀ ಕೃತ್ಯವನ್ನು ನೋಡಿದರೆ ಸಾಲದು, ಅದರ ಹಿಂದಿನ ಉದ್ದೇಶವನ್ನೂ ನೋಡಬೇಕು ಅಂದಿತು ಆ ಕಾಯ್ದೆ. ಸರ್ಕಾರವನ್ನು ಬೆದರಿಸಬೇಕು, ಜನರಲ್ಲಿ ಭಯ ಹುಟ್ಟಿಸಬೇಕು ಅನ್ನೋ ಉದ್ದೇಶದಿಂದ ಬಾಂಬ್, ಬಂದೂಕು ಬಳಸಿದರೆ ಅದು ಭಯೋತ್ಪಾದನೆ. ಒಬ್ಬರನ್ನು ಒತ್ತೆ ಇಟ್ಟುಕೊಂಡು, ಕೊಲ್ಲುತ್ತೇನೆ ಅಂತ ಸರ್ಕಾರವನ್ನು ಮಣಿಸಲು ಹೊರಟರೂ ಭಯೋತ್ಪಾದನೆಯೇ. ಸಾವು ಸಂಭವಿಸಿದ್ದರೆ ಮರಣದಂಡನೆ ಅಥವಾ ಜೀವಾವಧಿ. ಇಲ್ಲದಿದ್ದರೆ ಕನಿಷ್ಠ ಐದು ವರ್ಷ. ಎಸ್‌ಪಿ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯ. ಜಾಮೀನು ಸಿಗೋದು ಬಲು ಕಷ್ಟ. ಮೇಲ್ಮನವಿ ಹೈಕೋರ್ಟಿಗಲ್ಲ, ನೇರ ಸುಪ್ರೀಂ ಕೋರ್ಟಿಗೆ.

ಪಂಜಾಬಿಗೆ ಅಂತ ಮಾಡಿದ ಈ ಕಾನೂನು ನಮ್ಮ ಮಲೆ ಮಹದೇಶ್ವರ ಬೆಟ್ಟಕ್ಕೂ ಬಂತು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರನ್ನು ಹೊಂಚು ಹಾಕಿ ಕೊಂದಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಆಮೇಲೆ ಕಾಡಂಚಿನ ಹಳ್ಳಿಗಳಿಂದ ಜನರನ್ನು ಹಿಡಿದು ತಂದು ಟಾಡಾ ಹಾಕಿದರು. ವೀರಪ್ಪನ್ ಜೊತೆ ಬಂದೂಕು ಹಿಡಿದವರೂ ಅದರಲ್ಲಿದ್ದರು, ಅವನಿಗೆ ಅಕ್ಕಿ ಬೇಳೆ ಕೊಟ್ಟರು ಅನ್ನೋ ಆರೋಪ ಹೊತ್ತವರೂ ಇದ್ದರು. 1995ರ ಮೇ ತಿಂಗಳಲ್ಲಿ ಟಾಡಾ ಅವಧಿ ಮುಗಿಯಿತು. ಕಾಯ್ದೆ ಸತ್ತರೂ ಕೇಸುಗಳು ಸಾಯಲಿಲ್ಲ.

ಈಗ ಬನ್ನಿ, 2000ದ ಜುಲೈ 30ಕ್ಕೆ. ಗಾಜನೂರಿನಿಂದ ಅಣ್ಣಾವ್ರ ಅಪಹರಣ. ಬೆಂಗಳೂರು ಬಂದ್ ಆಯ್ತು. ವೀರಪ್ಪನ್ ಬೇಡಿಕೆಗಳಲ್ಲಿ ಒಂದು, ಟಾಡಾ ಕೈದಿಗಳ ಬಿಡುಗಡೆ. ಎಸ್.ಎಂ. ಕೃಷ್ಣ ಅವರ ಸರ್ಕಾರ ಒಪ್ಪಿತು. ಸರ್ಕಾರಿ ವಕೀಲರು ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ಟಾಡಾ ಆರೋಪ ಹಿಂದಕ್ಕೆ ಪಡೆಯಲು ಅರ್ಜಿ ಹಾಕಿದರು. ಅನುಮತಿಯೂ ಸಿಕ್ಕಿತು. ಏಳೆಂಟು ವರ್ಷ ಸರ್ಕಾರದ ಕಡತದಲ್ಲಿ ಭಯೋತ್ಪಾದಕರಾಗಿದ್ದ 51 ಜನ ಒಂದೇ ಅರ್ಜಿಯಲ್ಲಿ ಭಯೋತ್ಪಾದಕರಲ್ಲದೇ ಹೋದರು!

ಅದನ್ನು ತಡೆದವರು ಒಬ್ಬ ತಂದೆ. ಹುತಾತ್ಮ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್ ಬಾಗಿಲು ಬಡಿದರು. ಇಡೀ ನಾಡು ಅಣ್ಣಾವ್ರು ಬಂದರೆ ಸಾಕು ಅಂತ ಕಾಯುತ್ತಿದ್ದಾಗ ಈ ಮನುಷ್ಯ ಎಷ್ಟು ಒಂಟಿಯಾಗಿದ್ದಿರಬೇಕು, ಯೋಚನೆ ಮಾಡಿ. ಅಣ್ಣಾವ್ರಿಗೆ ಏನಾದರೂ ಆದರೆ ಕನ್ನಡಿಗರು, ತಮಿಳರ ನಡುವೆ ಗಲಭೆಯಾಗುತ್ತೆ ಅಂತ ಸರ್ಕಾರ ವಾದಿಸಿತು. ಆ ಭಯ ಸುಳ್ಳಾಗಿರಲಿಲ್ಲ. ಆದರೆ ನವೆಂಬರ್ 7ರಂದು ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರ ಪೀಠ ಆ ಅನುಮತಿಯನ್ನು ರದ್ದು ಮಾಡಿತು. ಸರ್ಕಾರ ಹೇಳಿತು ಅಂತ ಸರ್ಕಾರಿ ವಕೀಲ ಕೇಸು ಬಿಡುವಂತಿಲ್ಲ, ಸ್ವಂತ ವಿವೇಚನೆ ಬಳಸಬೇಕು, ಅದನ್ನು ನ್ಯಾಯಾಲಯ ಪರೀಕ್ಷಿಸಬೇಕು. ಇದು ತೀರ್ಪಿನ ತಿರುಳು. ಎಂಟು ದಿನದ ನಂತರ, ನವೆಂಬರ್ 15ರಂದು ಅಣ್ಣಾವ್ರು ಬಿಡುಗಡೆಯಾದರು. ಟಾಡಾ ಕೈದಿಗಳು ಜೈಲಲ್ಲೇ ಇದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಸರಳವಾಗಿತ್ತು. ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಬಹುಪಾಲು ಆರೋಪಿಗಳನ್ನು ಖುಲಾಸೆ ಮಾಡಿತು. ಅವರು ಕಳೆದ ವರ್ಷಗಳನ್ನು ಯಾರು ವಾಪಸ್ ಕೊಡ್ತಾರೆ ಸ್ವಾಮಿ? ಪಾಲಾರ್ ಪ್ರಕರಣದ ನಾಲ್ವರಿಗೆ ಜೀವಾವಧಿಯಾಯಿತು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆಯಿತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್, ವಿಳಂಬದ ಕಾರಣಕ್ಕೆ ಗಲ್ಲನ್ನು ಮತ್ತೆ ಜೀವಾವಧಿಗೆ ಇಳಿಸಿತು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. ಅದರ ನಂತರ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಂತ್ರಸ್ತರಿಗೆ ಪರಿಹಾರ ಕೊಡಲು ಹೇಳಬೇಕಾಯಿತು.

ಇನ್ನೊಂದು ವಿಚಿತ್ರ ಕೇಳಿ. ಒಬ್ಬರನ್ನು ಒತ್ತೆ ಇಟ್ಟುಕೊಂಡು ಸರ್ಕಾರವನ್ನು ಮಣಿಸೋದು ಭಯೋತ್ಪಾದನೆ ಅಂತ ಟಾಡಾ ಹೇಳಿತ್ತಲ್ಲ? ಅಣ್ಣಾವ್ರ ಅಪಹರಣ ಆ ವಾಕ್ಯಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಆದರೆ ಅದು ನಡೆಯುವಾಗ ಟಾಡಾ ಇರಲಿಲ್ಲ, ಪೋಟಾ ಇನ್ನೂ ಬಂದಿರಲಿಲ್ಲ. ಅದು ಮಾಮೂಲಿ ಕಾನೂನಿನಡಿ ಗೋಬಿಚೆಟ್ಟಿಪಾಳ್ಯಂ ನ್ಯಾಯಾಲಯದಲ್ಲಿ ನಡೆಯಿತು. 2018ರ ಸೆಪ್ಟೆಂಬರ್‌ನಲ್ಲಿ, ವಿಚಾರಣೆ ಎದುರಿಸಿದ ಒಂಬತ್ತೂ ಆರೋಪಿಗಳು ಖುಲಾಸೆಯಾದರು. ಅಕ್ಕಿ ಕೊಟ್ಟ ಆರೋಪದವರಿಗೆ ಟಾಡಾ, ನಾಡನ್ನೇ ಒತ್ತೆ ಇಟ್ಟ ಕೃತ್ಯಕ್ಕೆ ಯಾರಿಗೂ ಶಿಕ್ಷೆ ಇಲ್ಲ!

ಇದೆಲ್ಲ ಹಳೇ ಕಥೆ ಅನ್ನಬೇಡಿ. ಪೋಟಾ 2004ರಲ್ಲಿ ರದ್ದಾಯಿತು, ಅದೇ ವರ್ಷ ಭಯೋತ್ಪಾದನೆಯ ಅಧ್ಯಾಯ ಯುಎಪಿಎ ಒಳಗೆ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್ ಮೂಲಕ ಅದು ಮಾಮೂಲಿ ದಂಡ ಕಾನೂನಿಗೂ ಬಂದಿದೆ. ಕೇಸು ಯಾವುದರಡಿ ಹಾಕಬೇಕು, ಯುಎಪಿಎಯೋ 113ನೇ ಸೆಕ್ಷನ್ನೋ, ಅಂತ ತೀರ್ಮಾನಿಸೋದು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ.

ಕಾನೂನು ಕಠಿಣವಾಗಿರಲಿ, ನನ್ನ ತಕರಾರಿಲ್ಲ. ಹರಿಕೃಷ್ಣ, ಶಕೀಲ್ ಅಹ್ಮದ್ ಅವರಂಥವರ ಮನೆಗಳಿಗೆ ನ್ಯಾಯ ಸಿಗಲೇಬೇಕು. ಆದರೆ ಹಣೆಪಟ್ಟಿ ಹಚ್ಚುವಾಗಲೂ ಸಾಕ್ಷ್ಯ ಬೇಕು, ಕೀಳುವಾಗಲೂ ಕಾರಣ ಬೇಕು. ಮುಂದಿನ ಸಲ ನಮ್ಮ ಪರದೆ ಮೇಲೆ ಆ ಪದ ಮಿಂಚಿದಾಗ ಕೇಳಿ: ಯಾವ ಸೆಕ್ಷನ್? ಏನು ಉದ್ದೇಶ? ಏನು ಸಾಕ್ಷಿ? ನಮ್ಮನ್ನೂ ಸೇರಿಸಿಯೇ ಕೇಳಿ.