ಚೌಕುಳಿ ಕೋಟಿನ ಶ್ರೀಸಾಮಾನ್ಯ

ಹಬ್ಬಕ್ಕೋ ಹೊಸ ವರ್ಷಕ್ಕೋ ಬರುವ ಶುಭಾಶಯ ಪತ್ರಗಳ ಮೇಲಿನ ವ್ಯಂಗ್ಯಚಿತ್ರದ ಮುಖಗಳನ್ನು ನೋಡಿ ನಾವು ನಗುತ್ತೇವೆ. ಅವು ಎಲ್ಲಿ ಹುಟ್ಟಿದವೆಂದು ಕೇಳುವುದು ಕಡಿಮೆ. 1988ರಲ್ಲಿ ಅಂಥದೊಂದು ಮುಖ ಅಂಚೆಚೀಟಿಯನ್ನೇ ಏರಿತು. ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಗೆ 150 ವರ್ಷ ತುಂಬಿದಾಗ ಅಂಚೆ ಇಲಾಖೆ ಹೊರತಂದ ಚೀಟಿ ಅದು. ದುಂಡು ಕನ್ನಡಕ, ಪೊದೆಮೀಸೆ, ಪಂಚೆ, ಚೌಕುಳಿ ಕೋಟು, ಬೋಳುತಲೆಯ ಬದಿಗಳಲ್ಲಿ ಒಂದಿಷ್ಟು ಕೂದಲು. ಹೌದು, ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ! ಅವನ ಕತೆಯಲ್ಲಿ ನಮ್ಮ ಮೈಸೂರೂ ಇದೆ, ನಾವು ನೆಲೆಸಿರುವ ದೆಹಲಿಯೂ ಇದೆ.

ಲಕ್ಷ್ಮಣರು 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ತಂದೆ ಶಾಲೆಯ ಹೆಡ್‌ಮಾಸ್ಟರು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ. ಮಹಾರಾಜಾ ಕಾಲೇಜಿನಲ್ಲಿ ಓದುತ್ತಿರುವಾಗಲೇ ಅಣ್ಣ ಆರ್. ಕೆ. ನಾರಾಯಣರ ಕತೆಗಳಿಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ ಅವರು 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೂ ಅವರ ರೇಖೆಗಳು ಒದಗಿದವು. ಮುಂಬಯಿಯ ಜೆ. ಜೆ. ಕಲಾಶಾಲೆ ಮಾತ್ರ ಇವರಲ್ಲಿ ಸಾಕಷ್ಟು ಪ್ರತಿಭೆ ಇಲ್ಲವೆಂದು ಅರ್ಜಿಯನ್ನು ಹಿಂದಿರುಗಿಸಿತ್ತು.

ಪದವಿ ಪಡೆದ ಮೇಲೆ ಅವರು ಕೆಲಸ ಹುಡುಕಿಕೊಂಡು ಬಂದದ್ದು ದೆಹಲಿಗೆ, ನಮ್ಮಲ್ಲಿ ಎಷ್ಟೋ ಮಂದಿ ಬಂದ ಹಾಗೆಯೇ. ಇಲ್ಲಿನ ಪತ್ರಿಕೆಯೊಂದರಲ್ಲಿ ದೊರೆತ ಉತ್ತರ: ವಯಸ್ಸು ಸಾಲದು, ಮೊದಲು ಸಣ್ಣ ಊರಿನ ಪತ್ರಿಕೆಯಲ್ಲಿ ಕೈ ಪಳಗಿಸಿಕೊಳ್ಳಿ. ಮುಂದೆ ಮುಂಬಯಿಯ ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಕೆಲಸ ಮಾಡಿ, 1947ರಲ್ಲಿ ಟೈಮ್ಸ್ ಸೇರಿದರು. ಅರ್ಧ ಶತಮಾನ ಅಲ್ಲಿಯೇ ಉಳಿದರು.

ಅಲ್ಲಿ ಒಂದು ಕಷ್ಟ ಎದುರಾಯಿತು. ಜನಸಾಮಾನ್ಯರನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ಮೊದಮೊದಲು ಲಕ್ಷ್ಮಣರು ಬಂಗಾಳಿ, ಪಂಜಾಬಿ, ತಮಿಳ ಎಂದು ಪ್ರಾಂತಕ್ಕೊಬ್ಬರನ್ನು ಅವರವರ ಉಡುಗೆಯಲ್ಲಿ ನಿಲ್ಲಿಸುತ್ತಿದ್ದರು. ಪತ್ರಿಕೆಯ ಗಡುವು ಕಾಯುತ್ತದೆಯೇ? ಅವಸರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾ ಬಂದರು. ಕೊನೆಗೆ ಉಳಿದವನು ಈ ಚೌಕುಳಿ ಕೋಟಿನವನು. 1951ರಲ್ಲಿ ‘ಯೂ ಸೆಡ್ ಇಟ್’ ಎಂಬ ಪುಟ್ಟ ಚೌಕದಲ್ಲಿ ಕಾಣಿಸಿಕೊಂಡ ಅವನು ಬಾಯಿ ಬಿಡಲಿಲ್ಲ. ಮಂತ್ರಿಗಳು ಮಾತಾಡಿದರು, ಅಧಿಕಾರಿಗಳು ಮಾತಾಡಿದರು, ಅವನ ಹೆಂಡತಿಯೂ ಧಾರಾಳವಾಗಿ ಮಾತಾಡಿದಳು. ಅವನು ನೋಡುತ್ತಾ ನಿಂತ.

ಇದು ನಮ್ಮಂಥವರಿಗೆ ನಾಟುವ ಮಾತು. ದೆಹಲಿಯ ನೆರೆಹೊರೆಯವರು ‘ಮದ್ರಾಸಿ’ ಎಂದು ಕರೆದಾಗ, ನಾವು ಕನ್ನಡಿಗರು ಎಂದು ತಿದ್ದಿ ಹೇಳಿದವರು ನಾವು. ಗುರುತು ಅಳಿಸಿಹೋದೀತೆಂಬ ಅಂಜಿಕೆಯಿಂದಲೇ ಸಂಘ ಕಟ್ಟಿದೆವು, ಪತ್ರಿಕೆ ನಡೆಸಿದೆವು. ಇಲ್ಲಿ ನೋಡಿದರೆ, ಪ್ರಾಂತದ ಗುರುತುಗಳೆಲ್ಲ ಬಿಟ್ಟುಹೋದ ಮೇಲೆಯೇ ಒಬ್ಬ ಮನುಷ್ಯ ಎದ್ದು ನಿಂತಿದ್ದಾನೆ! ಹಾಗಾದರೆ ಅವನು ಯಾವ ಊರಿನವನೂ ಅಲ್ಲವೇ? ನಮಗೆ ಹಾಗೆ ತೋರುವುದಿಲ್ಲ. ಪಂಚೆಯ ಮೇಲೆ ಕೋಟು ತೊಟ್ಟ ಮೇಷ್ಟರನ್ನೂ ಗುಮಾಸ್ತರನ್ನೂ ಹಳೇ ಮೈಸೂರಿನವರು ಕಂಡೇ ಇದ್ದಾರೆ. ಬಂಗಾಳದವರಿಗೂ ಅವನು ತಮ್ಮವನಂತೆ ಕಂಡರೆ ಜಗಳವೇಕೆ? ಒಂದು ಊರಿನ ಬೀದಿಯನ್ನು ಚೆನ್ನಾಗಿ ನೋಡಿದ ಕಣ್ಣಿಗೆ ಮಾತ್ರ ಎಲ್ಲ ಊರಿನವನನ್ನು ಬರೆಯಲು ಬಂದೀತು.

2001ರಲ್ಲಿ ಪುಣೆಯಲ್ಲಿ ಶ್ರೀಸಾಮಾನ್ಯನ ಪ್ರತಿಮೆ ನಿಂತಿತು. ಲಕ್ಷ್ಮಣರು ಅದೇ ಊರಿನಲ್ಲಿ 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನವೇ, ತೀರಿಕೊಂಡರು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಚಿತ್ರ ತೋರಿಸಿ, ಬರೆದ ಕೈ ಮೈಸೂರಿನದೆಂದು ಹೇಳೋಣ. ಬರೆಸಿಕೊಂಡವನು ಎಲ್ಲರ ಮನೆಯವನೆಂಬುದನ್ನೂ ಮರೆಯದೆ ಹೇಳೋಣ.