ರಮಝಾನ್‌ಗೆ ಮುಂಚೆಯೇ ಅಡುಗೆಮನೆಯ ತಯಾರಿ: ಫ್ರೀಝರ್, ಸ್ಲೋ ಕುಕ್ಕರ್ ಬಳಸುವ ಸರಿಯಾದ ಕ್ರಮ

ನೋಂಬು ತೆರೆಯುವ ಮುಂಚಿನ ಹೊತ್ತು ದುಆಕ್ಕೆ ಬಹಳ ಒಳ್ಳೆಯದು ಎಂದು ಮದ್ರಸದಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಆದರೆ ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಆಚೆ ಉಳ್ಳಾಲ, ಮಂಗಳೂರಿನವರೆಗೆ ನಮ್ಮ ಮನೆಗಳಲ್ಲಿ ಅದೇ ಹೊತ್ತಿಗೆ ಉಮ್ಮ ಎಲ್ಲಿರುತ್ತಾರೆ? ಕಾದ ಎಣ್ಣೆಯ ಬಾಣಲೆ ಮುಂದೆ. ಒಂದು ಒಲೆಯಲ್ಲಿ ಸಮೋಸ, ಇನ್ನೊಂದರಲ್ಲಿ ಇರ್ಚಿ ಕರಿ, ಪಕ್ಕದಲ್ಲಿ ಪತ್ತಿರಿ ಹಿಟ್ಟು. ಬಾಂಗ್ ಆದಾಗ ಒಂದು ಖರ್ಜೂರ, ಒಂದು ಲೋಟ ನೀರು, ಮತ್ತೆ ಅಡುಗೆಮನೆ. ರಾತ್ರಿ ಪಾತ್ರೆ ತೊಳೆದು ಮುಗಿಯುವಾಗ ಹತ್ತು ದಾಟುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಸಹರಿಗೆ ಎಲ್ಲರಿಗಿಂತ ಮೊದಲು ಏಳುವುದೂ ಅವರೇ.

ಇದನ್ನು ಪೂರ್ತಿ ತಪ್ಪಿಸಲು ಆಗದಿರಬಹುದು, ಅರ್ಧದಷ್ಟಾದರೂ ಕಡಿಮೆ ಮಾಡಬಹುದು. ಶಅಬಾನ್ ತಿಂಗಳ ಕೊನೆಯ ಎರಡು ಭಾನುವಾರ ಮನೆಮಂದಿಯೆಲ್ಲ ಕೂತು ಕೆಲಸ ಮಾಡಿದರೆ ತಿಂಗಳಿಡೀ ದಿನಕ್ಕೆ ಒಂದೆರಡು ಗಂಟೆ ಉಳಿಯುತ್ತದೆ. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ. ಗಲ್ಫ್‌ನಲ್ಲಿ ರೂಮ್ ಮಾಡಿಕೊಂಡಿರುವ ಯುವಕರಿಗೂ, ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ದಂಪತಿಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಸ್ಲೋ ಕುಕ್ಕರ್ ಅಂದರೆ ಏನು?

ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಕಡಿಮೆ ವಿದ್ಯುತ್ತಿನ ಹೀಟರ್, ಮೇಲೊಂದು ಗಾಜಿನ ಮುಚ್ಚಳ. ಇಷ್ಟೇ. ಪ್ರೆಶರ್ ಕುಕ್ಕರಿನ ಹಾಗೆ ವಿಸಿಲ್ ಇಲ್ಲ, ಒತ್ತಡ ಇಲ್ಲ. ‘ಲೋ’ದಲ್ಲಿ ಇಟ್ಟರೆ ಮಾಂಸ ಬೇಯಲು 7ರಿಂದ 8 ಗಂಟೆ, ‘ಹೈ’ನಲ್ಲಿ 4 ಗಂಟೆ ಹಿಡಿಯುತ್ತದೆ. ಮಾಂಸದಲ್ಲಿರುವ ಗಟ್ಟಿ ನಾರು ನಿಧಾನಕ್ಕೆ ಕರಗುವುದರಿಂದ ಕಾಲು, ಭುಜದಂತಹ ಗಟ್ಟಿ ಭಾಗಗಳು ಇದರಲ್ಲಿ ಚೆನ್ನಾಗಿ ಬೇಯುತ್ತವೆ.

ಈ ಪಾತ್ರೆಯ ಹಿಂದೆ ಒಂದು ಕತೆಯೂ ಇದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಯಹೂದಿಗಳು ಶನಿವಾರದ ಸಬ್ಬತ್ ದಿನ ಬೆಂಕಿ ಹಚ್ಚುವುದಿಲ್ಲವಾದ್ದರಿಂದ ಶುಕ್ರವಾರವೇ ಮಾಂಸ, ಕಾಳು ಹಾಕಿ ರಾತ್ರಿಯಿಡೀ ಕಾವಿನಲ್ಲಿ ಇಡುತ್ತಿದ್ದ ‘ಚೋಲೆಂಟ್’ ಎಂಬ ಅಡುಗೆಯೇ ಅವರಿಗೆ ಪ್ರೇರಣೆ. 1971ರಲ್ಲಿ ‘ಕ್ರಾಕ್-ಪಾಟ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಅದು ಮನೆಮಾತಾಯಿತು.

ನಮಗೂ ಇದು ಹೊಸತಲ್ಲ. ಗೋಧಿ ಮತ್ತು ಇರ್ಚಿ ಗಂಟೆಗಟ್ಟಲೆ ಬೇಯಿಸಿ ಕಡೆದು ಮಾಡುವ ಅಲೀಸ ಇದೇ ಜಾತಿಯ ಅಡುಗೆ. ಅರಬ್ ನಾಡಿನ ಹರೀಸ್ ಇದರ ಮೂಲ. ಹರೀಸ್ ಮಾಡುವ ಪರಂಪರೆಯನ್ನು 2023ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹಿಂದೆ ಕೆಂಡದ ಮೇಲೆ ಮಣ್ಣಿನ ಚಟ್ಟಿ ಇಟ್ಟು ಮಾಡುತ್ತಿದ್ದ ಕೆಲಸವನ್ನು ಈಗ ಈ ಪಾತ್ರೆ ಮಾಡುತ್ತದೆ.

ಹಾಗೆಂದು ಹೊಸ ಸಾಮಾನು ಕೊಳ್ಳಲೇಬೇಕು ಅಂತ ಇಲ್ಲ. ಮನೆಯಲ್ಲಿರುವ ಪ್ರೆಶರ್ ಕುಕ್ಕರ್ ಸಾಕು, ಅದರಲ್ಲಿ ಹೊತ್ತೂ ಕಡಿಮೆ ಹಿಡಿಯುತ್ತದೆ. ಸ್ಲೋ ಕುಕ್ಕರಿನ ಲಾಭ ಒಂದೇ: ಮುಂದೆ ನಿಂತು ಕಾಯಬೇಕಾಗಿಲ್ಲ. ತರಾವೀಹ್ ಮುಗಿಸಿ ರಾತ್ರಿ 9:30ಕ್ಕೆ ಇಟ್ಟರೆ ಬೆಳಗ್ಗೆ 4:30ಕ್ಕೆ ಸಹರಿಯ ಕರಿ ಸಿದ್ಧ. 200 ವ್ಯಾಟ್‌ನ ಕುಕ್ಕರ್ 8 ಗಂಟೆ ಓಡಿದರೆ ಹೆಚ್ಚೆಂದರೆ 1.6 ಯೂನಿಟ್ ಕರೆಂಟ್.

ಫ್ರೀಝರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ಆದರೆ ಸಾಯುವುದಿಲ್ಲ. ಹೊರಗೆ ತೆಗೆದು ಬಿಸಿಯಾದ ಕೂಡಲೇ ಮತ್ತೆ ಬೆಳೆಯತೊಡಗುತ್ತದೆ. ಆದ್ದರಿಂದ ಹಾಳಾಗಲು ಶುರುವಾದ ಆಹಾರವನ್ನು ಫ್ರೀಝರ್‌ಗೆ ಹಾಕಿದರೆ ಅದು ಸರಿಯಾಗುವುದಿಲ್ಲ.

5ರಿಂದ 60 ಡಿಗ್ರಿ ನಡುವಿನ ಉಷ್ಣತೆ ಅಪಾಯದ ವಲಯ. ಬೇಯಿಸಿದ ಆಹಾರ 2 ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು. ಸೆಖೆ 32 ಡಿಗ್ರಿ ದಾಟಿದ್ದರೆ 1 ಗಂಟೆ ಮಾತ್ರ. ನಮ್ಮ ಕರಾವಳಿಯ ಫೆಬ್ರವರಿ, ಮಾರ್ಚ್ ಮಧ್ಯಾಹ್ನಕ್ಕೆ ಈ ಎರಡನೇ ಲೆಕ್ಕವೇ ಸರಿ.

ಇನ್ನೊಂದು ಮಾತು. ಸಿಂಗಲ್ ಡೋರ್ ಫ್ರಿಡ್ಜಿನ ಒಳಗಿರುವ ಐಸ್ ಪೆಟ್ಟಿಗೆಗೆ ಮೈನಸ್ 18ರ ತನಕ ಹೋಗುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ. ಅದರಲ್ಲಿ ಇಟ್ಟದ್ದನ್ನು ಒಂದು ವಾರದೊಳಗೆ ಮುಗಿಸಿ. ಕೆಳಗೆ ಹೇಳಿದ ಅವಧಿಗಳು ಡಬಲ್ ಡೋರ್ ಫ್ರಿಡ್ಜ್ ಅಥವಾ ಡೀಪ್ ಫ್ರೀಝರ್ ಇರುವ ಮನೆಗೆ.

ಯಾವುದನ್ನು ಎಷ್ಟು ದಿನ ಇಡಬಹುದು?

- ತುಂಡು ಮಾಡಿದ ಹಸಿ ಇರ್ಚಿ: 4ರಿಂದ 6 ತಿಂಗಳು
- ಕೈಮ: 3 ತಿಂಗಳು
- ಬೇಯಿಸಿದ ಕರಿ, ಸಮೋಸದೊಳಗಿನ ಮಸಾಲೆ: 2 ತಿಂಗಳು
- ಬೂತಾಯಿ, ಬಂಗುಡೆಯಂತಹ ಎಣ್ಣೆ ಮೀನು: 2 ತಿಂಗಳು
- ಮಡಚಿದ, ಕರಿಯದ ಸಮೋಸ: 1 ತಿಂಗಳು
- ಅರ್ಧ ಬೇಯಿಸಿದ ಪತ್ತಿರಿ: 2ರಿಂದ 3 ವಾರ
- ತುರಿದ ತೆಂಗಿನಕಾಯಿ, ಶುಂಠಿ-ಬೆಳ್ಳುಳ್ಳಿ ಪೇಸ್ಟ್: 2ರಿಂದ 3 ತಿಂಗಳು

ಕೆಲವು ವಸ್ತು ಫ್ರೀಝರ್‌ಗೆ ಆಗಿಬರುವುದಿಲ್ಲ. ಕರಿಯಲ್ಲಿರುವ ಬಟಾಟೆ ಕರಗಿದ ಮೇಲೆ ಮರಳಿನ ಹಾಗೆ ಆಗುತ್ತದೆ. ಮೊಸರು, ತೆಂಗಿನ ಹಾಲು ಒಡೆಯುತ್ತದೆ. ಸೌತೆ, ಸೊಪ್ಪಿನ ಸಲಾಡ್ ನೀರಾಗುತ್ತದೆ. ಬಟಾಟೆ, ತೆಂಗಿನ ಹಾಲು ಬೇಕಿದ್ದರೆ ಆ ದಿನವೇ ಹಾಕಿ.

ಎರಡು ಭಾನುವಾರದ ಕೆಲಸ

*ಮೊದಲ ಭಾನುವಾರ:* ಫ್ರೀಝರ್ ಖಾಲಿ ಮಾಡಿ, ಐಸ್ ಕರಗಿಸಿ, ಒರೆಸಿ. ಹಳೆಯದೇನಿದೆ ನೋಡಿ ಮುಗಿಸಿ. ಶುಂಠಿ-ಬೆಳ್ಳುಳ್ಳಿ ಅರೆದು ಐಸ್ ಟ್ರೇಯಲ್ಲಿ ಹಾಕಿ, ಗಟ್ಟಿಯಾದ ಮೇಲೆ ಕವರಿಗೆ ತುಂಬಿಸಿ. ತೆಂಗಿನಕಾಯಿ ತುರಿದು ಒಂದು ಹೊತ್ತಿಗೆ ಬೇಕಾದಷ್ಟು ಕಟ್ಟು ಮಾಡಿ. ಕೊತ್ತಂಬರಿ, ಮೆಣಸು, ಜೀರಿಗೆ ಹುರಿದು ಪುಡಿ ಮಾಡಿ ಡಬ್ಬಿಗೆ ಹಾಕಿ. ಇದಕ್ಕೆ ಫ್ರೀಝರ್ ಬೇಡ.

*ಎರಡನೇ ಭಾನುವಾರ:* ಇರ್ಚಿ, ಕೋಳಿ ತಂದು ತೊಳೆದು ನೀರು ಪೂರ್ತಿ ಇಳಿಸಿ. ಒಂದು ಹೊತ್ತಿಗೆ ಒಂದು ಕವರ್ ಲೆಕ್ಕದಲ್ಲಿ ಮಸಾಲೆ ಬೆರೆಸಿ ತುಂಬಿಸಿ. ಸಮೋಸ ಮಡಚಿ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ 2 ಗಂಟೆ ಫ್ರೀಝರ್‌ನಲ್ಲಿ ಇಟ್ಟು, ಗಟ್ಟಿಯಾದ ಮೇಲೆ ಕವರಿಗೆ ಹಾಕಿದರೆ ಅಂಟಿಕೊಳ್ಳುವುದಿಲ್ಲ. ಕರಿಯುವಾಗ ಕರಗಿಸದೆ ನೇರವಾಗಿ, ಮಧ್ಯಮ ಉರಿಯ ಎಣ್ಣೆಗೆ ಹಾಕಿ. ಪತ್ತಿರಿಯ ನಡುನಡುವೆ ಬಟರ್ ಪೇಪರ್ ಇಡಿ.

ಕವರಿನ ಗಾಳಿ ಪೂರ್ತಿ ಹೊರಗೆ ಹಾಕಿ, ಚಪ್ಪಟೆಯಾಗಿ ಮಲಗಿಸಿ ಇಡಿ. ಜಾಗವೂ ಉಳಿಯುತ್ತದೆ, ಬೇಗ ಕರಗುತ್ತದೆ ಕೂಡ. ಡಬ್ಬಿಯಲ್ಲಿ ಕರಿ ಹಾಕುವುದಾದರೆ ಮೇಲೆ ಎರಡು ಬೆರಳು ಜಾಗ ಬಿಡಿ, ಯಾಕೆಂದರೆ ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಪ್ರತಿ ಕವರಿನ ಮೇಲೆ ಹೆಸರು, ತಾರೀಕು ಬರೆಯಿರಿ. ಹೆಪ್ಪುಗಟ್ಟಿದ ಮೇಲೆ ಕೋಳಿ ಯಾವುದು, ಆಡು ಯಾವುದು ಎಂದು ಗೊತ್ತಾಗುವುದಿಲ್ಲ.

ಇರ್ಚಿ ಕರಿಯ ಕವರ್: 1 ಕಿಲೋ ಲೆಕ್ಕ

4 ದೊಡ್ಡ ನೀರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿಯಿರಿ. 2 ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ, 2 ಟೊಮೆಟೊ, 3 ದೊಡ್ಡ ಚಮಚ ಕೊತ್ತಂಬರಿ ಪುಡಿ, 2 ದೊಡ್ಡ ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಅರಿಶಿನ, 1 ಚಮಚ ಕಾಳುಮೆಣಸಿನ ಪುಡಿ, ಕರಿಬೇವು, ಉಪ್ಪು ಹಾಕಿ ಎಣ್ಣೆ ಬಿಡುವ ತನಕ ಬಾಡಿಸಿ. ಪೂರ್ತಿ ತಣ್ಣಗಾದ ಮೇಲೆಯೇ ಹಸಿ ಇರ್ಚಿಗೆ ಬೆರೆಸಿ ಕವರಿಗೆ ತುಂಬಿಸಿ. ಬಿಸಿ ಮಸಾಲೆ ಹಸಿ ಮಾಂಸಕ್ಕೆ ಹಾಕಬಾರದು.

ಬೇಕಾದ ದಿನದ ಹಿಂದಿನ ರಾತ್ರಿ ಫ್ರೀಝರ್‌ನಿಂದ ತೆಗೆದು ಫ್ರಿಡ್ಜಿನ ಕೆಳಗಿನ ತಟ್ಟಿನಲ್ಲಿ ಇಡಿ. ಕೆಳಗೊಂದು ತಟ್ಟೆ ಇರಲಿ. ಪೂರ್ತಿ ಕರಗಿದ ಮೇಲೆ ಸ್ಲೋ ಕುಕ್ಕರ್‌ಗೆ ಹಾಕಿ, ಅರ್ಧ ಕಪ್ ಬಿಸಿನೀರು ಸೇರಿಸಿ 1 ಗಂಟೆ ‘ಹೈ’, ಆಮೇಲೆ 6ರಿಂದ 7 ಗಂಟೆ ‘ಲೋ’ದಲ್ಲಿ ಬಿಡಿ. ಇದರಲ್ಲಿ ಆವಿ ಹೊರಗೆ ಹೋಗುವುದು ಕಡಿಮೆ, ಹಾಗಾಗಿ ನೀರು ಜಾಸ್ತಿ ಬೇಡ. ಹುರಿದು ಅರೆದ ತೆಂಗಿನಕಾಯಿ ಅಥವಾ ತೆಂಗಿನ ಹಾಲನ್ನು ಕೊನೆಯ ಅರ್ಧ ಗಂಟೆಯಲ್ಲಿ ಹಾಕಿ. ಪ್ರೆಶರ್ ಕುಕ್ಕರ್ ಆದರೆ 4–5 ವಿಸಿಲ್, ನಂತರ ಸಣ್ಣ ಉರಿಯಲ್ಲಿ 10 ನಿಮಿಷ.

ಅಲೀಸಕ್ಕೆ 250 ಗ್ರಾಂ ಸಿಪ್ಪೆ ತೆಗೆದ ಗೋಧಿ ರಾತ್ರಿ ನೆನೆಸಿ, 300 ಗ್ರಾಂ ಇರ್ಚಿ, ಒಂದೂವರೆ ಲೀಟರ್ ನೀರು, ಉಪ್ಪು ಹಾಕಿ 8 ಗಂಟೆ ‘ಲೋ’ದಲ್ಲಿ ಇಟ್ಟು ಕಡೆದರೆ ಆಯಿತು. ಮೇಲೆ ತುಪ್ಪ, ಹುರಿದ ನೀರುಳ್ಳಿ. ಉಳಿದರೆ ಫ್ರೀಝ್ ಮಾಡಬಹುದು, ಬಿಸಿ ಮಾಡುವಾಗ ಸ್ವಲ್ಪ ಬಿಸಿನೀರು ಸೇರಿಸಿ.

ಈ ತಪ್ಪುಗಳನ್ನು ಮಾಡಬೇಡಿ

1. ಹೆಪ್ಪುಗಟ್ಟಿದ ಮಾಂಸವನ್ನು ನೇರ ಸ್ಲೋ ಕುಕ್ಕರ್‌ಗೆ ಹಾಕಬೇಡಿ. ಅದು ಕರಗಿ ಬಿಸಿಯಾಗುವಷ್ಟರಲ್ಲಿ ಗಂಟೆಗಟ್ಟಲೆ ಅಪಾಯದ ವಲಯದಲ್ಲಿ ಇರುತ್ತದೆ.
2. ರಾಜ್ಮಾವನ್ನು ಹಸಿಯಾಗಿ ಸ್ಲೋ ಕುಕ್ಕರ್‌ನಲ್ಲಿ ಬೇಯಿಸಬೇಡಿ. ಕೆಂಪು ರಾಜ್ಮಾದಲ್ಲಿ ಸಹಜವಾಗಿಯೇ ಒಂದು ವಿಷಾಂಶ ಇದೆ. ಕಡಿಮೆ ಕಾವಿನಲ್ಲಿ ಅದು ಸಾಯುವುದಿಲ್ಲ, ವಾಂತಿ-ಭೇದಿ ಆಗುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿಯೇ ಬಳಸಿ.
3. ಸಿಂಕಿನಲ್ಲಿ, ಕಟ್ಟೆಯ ಮೇಲೆ ಮಾಂಸ ಕರಗಿಸಬೇಡಿ. ಒಳಗೆ ಐಸ್ ಇರುವಾಗಲೇ ಹೊರಗಿನ ಪದರ ಬಿಸಿಯಾಗಿರುತ್ತದೆ. ಹೀಗೆ ಕರಗಿಸಿದ್ದನ್ನು ಮತ್ತೆ ಫ್ರೀಝ್ ಮಾಡುವುದಂತೂ ಬೇಡವೇ ಬೇಡ.
4. ನೈಚೋರು, ಅನ್ನ ರಾತ್ರಿಯಿಡೀ ಹೊರಗೆ ಇಡಬೇಡಿ. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾ ಬೇಯಿಸಿದರೂ ಬೀಜರೂಪದಲ್ಲಿ ಉಳಿಯುತ್ತವೆ. ಅವು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಇಫ್ತಾರ್‌ನಲ್ಲಿ ಉಳಿದ ಅನ್ನ ಸಹರಿಗೆ ಬೇಕಿದ್ದರೆ ಒಂದು ಗಂಟೆಯೊಳಗೆ ಅಗಲದ ಪಾತ್ರೆಗೆ ಹರಡಿ ಫ್ರಿಡ್ಜಿಗೆ ಸೇರಿಸಿ.
5. ಮುಚ್ಚಳ ಪದೇಪದೇ ತೆಗೆಯಬೇಡಿ. ಹೋದ ಕಾವು ಮತ್ತೆ ಏರಲು ಸ್ಲೋ ಕುಕ್ಕರ್‌ಗೆ ತುಂಬಾ ಹೊತ್ತು ಬೇಕು.

ಕರೆಂಟ್ ಹೋದರೆ?

ಫ್ರೀಝರ್ ಬಾಗಿಲು ತೆಗೆಯಬೇಡಿ. ತುಂಬಿದ ಫ್ರೀಝರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಫ್ರಿಡ್ಜ್ ಭಾಗಕ್ಕೆ 4 ಗಂಟೆ ಮಾತ್ರ. ಐಸ್ ಹರಳು ಇನ್ನೂ ಉಳಿದಿದ್ದರೆ ಮತ್ತೆ ಫ್ರೀಝ್ ಮಾಡಬಹುದು.

ಸ್ಲೋ ಕುಕ್ಕರ್ ನಡೆಯುತ್ತಿರುವಾಗ ಕರೆಂಟ್ ಹೋದದ್ದು ಗೊತ್ತಾದರೆ ಕೂಡಲೇ ಗ್ಯಾಸ್ ಒಲೆಗೆ ಬದಲಾಯಿಸಿ ಬೇಯಿಸಿ. ನಿದ್ದೆಯಲ್ಲಿದ್ದು ಎಷ್ಟು ಹೊತ್ತು ಹೋಗಿತ್ತು ಎಂದು ಗೊತ್ತಿಲ್ಲದಿದ್ದರೆ, ನೋಡಲು ಬೆಂದ ಹಾಗೆ ಕಂಡರೂ ಅದನ್ನು ತಿನ್ನಬೇಡಿ. ನೋಂಬಿನ ದಿನ ವಾಂತಿ-ಭೇದಿ ಹಿಡಿದರೆ ನೀರು ಕುಡಿಯಲೂ ಆಗದೆ, ನೋಂಬು ಮುಂದುವರಿಸಲೂ ಆಗದೆ ಕಷ್ಟ. ಮನೆಯಲ್ಲಿ ವಯಸ್ಸಾದವರು, ಗರ್ಭಿಣಿಯರು, ಸಣ್ಣ ಮಕ್ಕಳು ಇದ್ದರೆ ಇನ್ನೂ ಎಚ್ಚರ ಬೇಕು.

ಕೆಲಸ ಯಾರದ್ದು?

ಒಂದು ಮಾತು ಬಿಡಿಸಿ ಹೇಳಲೇಬೇಕು. ಮುಂಚಿತ ತಯಾರಿ ಎಂಬ ಹೆಸರಿನಲ್ಲಿ ಶಅಬಾನ್‌ನ ಎರಡು ಭಾನುವಾರವನ್ನೂ ಉಮ್ಮ ಒಬ್ಬರ ತಲೆಗೆ ಕಟ್ಟಿದರೆ ಏನೂ ಪ್ರಯೋಜನ ಇಲ್ಲ. ಗಂಡ ಗಲ್ಫ್‌ನಲ್ಲಿದ್ದು, ಮನೆಯಲ್ಲಿ ಮಕ್ಕಳು ಮತ್ತು ವಯಸ್ಸಾದ ಅತ್ತೆ-ಮಾವನ ಜೊತೆ ಇರುವ ಹೆಂಗಸಿಗೆ ಅದು ಇನ್ನೊಂದು ಹೊರೆ, ಅಷ್ಟೇ.

ಇರ್ಚಿ ತರುವುದು, ತುಂಡು ಮಾಡಿಸಿ ತೊಳೆಯುವುದು, ಫ್ರೀಝರ್ ಸ್ವಚ್ಛ ಮಾಡುವುದು ದೊಡ್ಡ ಹುಡುಗರ ಕೆಲಸವಾಗಲಿ. ಸಮೋಸ ಮಡಚಲು ಹತ್ತು ವರ್ಷದ ಮಗುವಿಗೂ ಬರುತ್ತದೆ. ಕವರಿನ ಮೇಲೆ ಹೆಸರು, ತಾರೀಕು ಬರೆಯುವುದು ಚಿಕ್ಕವರಿಗೆ ಖುಷಿಯ ಕೆಲಸ. ಬೆಳ್ಳುಳ್ಳಿ ಸುಲಿಯಲು ಉಪ್ಪನೂ ಕೂರಲಿ. ಪ್ರವಾದಿಯವರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ (ರ) ತಿಳಿಸಿದ್ದಾರೆ. ಇದನ್ನು ಭಾಷಣದಲ್ಲಿ ಕೇಳಿದವರು ನಾವು, ಅಡುಗೆಮನೆಯಲ್ಲೂ ನೆನಪಿರಲಿ.

ಇನ್ನೊಂದು ವಿಷಯ, ಫ್ರೀಝರ್ ತುಂಬುವುದು ಹೆಚ್ಚು ತಿನ್ನಲು ಆಗಬಾರದು. ಇಫ್ತಾರ್‌ಗೆ ದಿನಾ ಐದಾರು ಬಗೆ ಬೇಕಾಗಿಲ್ಲ. ಒಂದು ಕರಿ, ಒಂದು ತಿಂಡಿ, ಹಣ್ಣು ಸಾಕು. ಸಾರು ಮಾಡುವಾಗ ನೀರು ಸ್ವಲ್ಪ ಜಾಸ್ತಿ ಹಾಕಿ ನೆರೆಯವರನ್ನು ನೆನಪಿಸಿಕೊಳ್ಳಿ ಎಂಬ ಹದೀಸ್ ನಮಗೆ ಗೊತ್ತೇ ಇದೆ. ತುಂಬಿಸುವಾಗಲೇ ಒಂದೆರಡು ಕವರ್ ಬೇರೆ ತೆಗೆದಿಡಿ. ಹತ್ತಿರದಲ್ಲಿ ಒಬ್ಬರೇ ಇರುವ ವೃದ್ಧರಿಗೆ, ಬಾಣಂತಿ ಇರುವ ಮನೆಗೆ, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಕೂತವರಿಗೆ ಹೊತ್ತಿಗೆ ಸರಿಯಾಗಿ ಬಿಸಿ ಮಾಡಿ ಕೊಡಲು ಅದು ಆಗುತ್ತದೆ. ಅಲ್ಲಾಹನು ಎಲ್ಲರ ನೋಂಬನ್ನು ಸ್ವೀಕರಿಸಲಿ, ಅಡುಗೆಮನೆಯಲ್ಲಿ ನಿಂತವರ ದುಆವನ್ನೂ.